ಯಂತ್ರ ಬರಲಿ, ತಾಳೆ ನೋಡುವವರೂ ಬರಲಿ

ಮೂರು ವರ್ಷಗಳಲ್ಲಿ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲೂ ಕ್ಯಾನ್ಸರ್ ಡೇ ಕೇರ್ ಕೇಂದ್ರ ತೆರೆಯುವುದಾಗಿ 2025–26ರ ಕೇಂದ್ರ ಬಜೆಟ್ ಘೋಷಿಸಿತು. 2022ರಲ್ಲಿ ದೇಶದಲ್ಲಿ ಸುಮಾರು 14.6 ಲಕ್ಷ ಹೊಸ ಕ್ಯಾನ್ಸರ್ ಪ್ರಕರಣಗಳಿದ್ದವು ಎಂಬುದು ಐಸಿಎಂಆರ್ ಅಂದಾಜು. ಹಾಗಾಗಿ ಈ ಹೆಜ್ಜೆ ಸ್ವಾಗತಾರ್ಹ. ಆದರೆ ಇಂಥ ಕೇಂದ್ರಗಳಲ್ಲಿ ಮುಖ್ಯವಾಗಿ ಸಿಗುವುದು ಕಿಮೊಥೆರಪಿ. ವಿಕಿರಣ ಚಿಕಿತ್ಸೆಯ ಯಂತ್ರಗಳೂ ಹೆಚ್ಚಬೇಕೆಂಬ ಬೇಡಿಕೆ ಸಹಜ. ಅದರ ಜೊತೆಗೇ ಕೇಳಬೇಕಾದ ಪ್ರಶ್ನೆಯೊಂದಿದೆ: ಆ ಯಂತ್ರಕ್ಕೆ ಗುರಿ ತೋರಿಸುವವರು ಯಾರು?

ಗುರಿ ಗೊತ್ತುಮಾಡಲು ಅನೇಕ ಸಲ ಒಂದು ಸ್ಕ್ಯಾನ್ ಸಾಲದು. ಅಂಗಾಂಶ ಎಷ್ಟು ಸಾಂದ್ರವಾಗಿದೆ ಎಂಬುದನ್ನು ಸಿಟಿ ಸ್ಕ್ಯಾನ್ ಹೇಳುತ್ತದೆ. ವಿಕಿರಣದ ಡೋಸ್ ಲೆಕ್ಕ ಹಾಕುವುದು ಅದರಿಂದ. ಮಿದುಳಿನ ಗೆಡ್ಡೆಯ ಅಂಚು ಎಂಆರ್‌ಐನಲ್ಲಿ ಹೆಚ್ಚು ಸ್ಪಷ್ಟ. ಸಕ್ಕರೆಯನ್ನು ಹೆಚ್ಚಾಗಿ ಹೀರುತ್ತಿರುವ ಜೀವಕೋಶಗಳು ಎಲ್ಲಿವೆ ಎಂದು ಪೆಟ್ ಸ್ಕ್ಯಾನ್ ತೋರಿಸುತ್ತದೆ. ದೇಹದ ಒಂದೇ ಬಿಂದು ಎಲ್ಲ ಚಿತ್ರಗಳಲ್ಲೂ ಒಂದೇ ಜಾಗಕ್ಕೆ ಬರುವಂತೆ ಇವನ್ನು ಹೊಂದಿಸುವ ಕೆಲಸಕ್ಕೆ ಇಮೇಜ್ ರಿಜಿಸ್ಟ್ರೇಷನ್ ಎನ್ನುತ್ತಾರೆ.

ಕೇಳಲು ಸುಲಭ, ಮಾಡಲು ಕಷ್ಟ. ಸ್ಕ್ಯಾನ್‌ಗಳು ಬೇರೆ ಬೇರೆ ದಿನ, ಬೇರೆ ಬೇರೆ ಯಂತ್ರದಲ್ಲಿ ಆಗಿರುತ್ತವೆ. ಒಂದರಲ್ಲಿ ರೋಗಿಯ ಕುತ್ತಿಗೆ ತುಸು ಬಾಗಿರಬಹುದು. ಒಂದು ದಿನ ಮೂತ್ರಕೋಶ ತುಂಬಿದ್ದು ಇನ್ನೊಂದು ದಿನ ಖಾಲಿಯಿದ್ದರೆ ಗರ್ಭಕೋಶವೇ ಜಾಗ ಬದಲಿಸಿರುತ್ತದೆ. ತಲೆಬುರುಡೆಯೊಳಗಿನ ಮಿದುಳಿಗೆ ಚಿತ್ರವನ್ನು ಸರಿಸಿ, ತಿರುಗಿಸಿದರೆ ಸಾಮಾನ್ಯವಾಗಿ ಸಾಕು. ಹೊಟ್ಟೆಯ ಭಾಗಕ್ಕೆ ಹಾಗಾಗದು. ಸಾಫ್ಟ್‌ವೇರ್ ಚಿತ್ರವನ್ನೇ ಹಿಗ್ಗಿಸಿ ಕುಗ್ಗಿಸಿ ಕೂರಿಸಬೇಕಾಗುತ್ತದೆ.

ಅಪಾಯವಿರುವುದು ಇಲ್ಲೇ. ಹೊಂದಿಕೆ ತಪ್ಪಿದ್ದರೂ ಪರದೆಯ ಮೇಲಿನ ಚಿತ್ರ ಅಂದವಾಗಿಯೇ ಕಾಣಬಹುದು. ಕೆಲವೇ ಮಿಲಿಮೀಟರ್ ಆಚೀಚೆಯಾದರೂ ಗೆಡ್ಡೆಯ ಅಂಚಿಗೆ ಡೋಸ್ ಸಾಲದೆ ಹೋಗಬಹುದು, ಪಕ್ಕದ ದೃಷ್ಟಿನರಕ್ಕೆ ಹೆಚ್ಚು ತಗಲಬಹುದು. ಅದಕ್ಕೇ ಅಮೆರಿಕದ ವೈದ್ಯಕೀಯ ಭೌತವಿಜ್ಞಾನಿಗಳ ಸಂಘ ಎಎಪಿಎಂ 2017ರಲ್ಲಿ ಪ್ರಕಟಿಸಿದ ವರದಿ, ಸಾಫ್ಟ್‌ವೇರನ್ನು ಬಳಕೆಗೆ ಮುನ್ನ ಪರೀಕ್ಷಿಸುವುದಷ್ಟೇ ಅಲ್ಲ, ಪ್ರತಿ ರೋಗಿಯ ಹೊಂದಿಕೆಯನ್ನೂ ಪರಿಶೀಲಿಸಬೇಕೆಂದು ಹೇಳಿತು. ಕೃತಕ ಬುದ್ಧಿಮತ್ತೆ ಈ ಕೆಲಸವನ್ನು ಚುರುಕುಗೊಳಿಸಿದೆ. ತಾಳೆ ನೋಡುವ ಹೊಣೆ ಮಾತ್ರ ಮನುಷ್ಯನದೇ.

ಆ ಹೊಣೆ ಹೊರುವವರು ರೇಡಿಯೇಷನ್ ಆಂಕಾಲಜಿಸ್ಟ್ ಮತ್ತು ಮೆಡಿಕಲ್ ಫಿಸಿಸಿಸ್ಟ್. ರೇಡಿಯೊಥೆರಪಿ ಕೇಂದ್ರದಲ್ಲಿ ಮೆಡಿಕಲ್ ಫಿಸಿಸಿಸ್ಟ್ ಇರಲೇಬೇಕೆಂದು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮವಿದೆ. ಭೌತವಿಜ್ಞಾನದಲ್ಲಿ ಎಂಎಸ್ಸಿ ಮುಗಿಸಿ ರೇಡಿಯಾಲಜಿಕಲ್ ಫಿಸಿಕ್ಸ್ ಡಿಪ್ಲೊಮಾ ಮಾಡುವುದು ಇದಕ್ಕಿರುವ ಒಂದು ದಾರಿ. ಬೋಧನೆ ಬಿಟ್ಟರೆ ಬೇರೆ ಕೆಲಸವಿಲ್ಲ ಎಂದುಕೊಂಡಿರುವ ಎಷ್ಟೋ ಭೌತವಿಜ್ಞಾನ ಪದವೀಧರರಿಗೆ ಈ ಹುದ್ದೆಯ ಹೆಸರೇ ಗೊತ್ತಿಲ್ಲ. ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೂ ಅವಕಾಶವಿದೆ. ವೈದ್ಯಕೀಯ ಚಿತ್ರಣ ಕ್ಷೇತ್ರದ ಜಿಇ, ಸೀಮೆನ್ಸ್, ಫಿಲಿಪ್ಸ್ ಕಂಪನಿಗಳ ಅಭಿವೃದ್ಧಿ ಕೇಂದ್ರಗಳು ಬೆಂಗಳೂರಿನಲ್ಲೇ ಇವೆ. ‘3ಡಿ ಸ್ಲೈಸರ್’ ಎಂಬ ಉಚಿತ ತಂತ್ರಾಂಶದಲ್ಲಿ ಚಿತ್ರ ಹೊಂದಿಸುವುದನ್ನು ಮನೆಯಲ್ಲೇ ಕಲಿಯಬಹುದು.

ಯಂತ್ರ ಖರೀದಿ ಸುದ್ದಿಯಾಗುತ್ತದೆ, ಹುದ್ದೆ ಮಂಜೂರಾತಿ ಸುದ್ದಿಯಾಗುವುದಿಲ್ಲ. ಸರ್ಕಾರ ಯಂತ್ರದ ಟೆಂಡರ್ ಕರೆಯುವಾಗಲೇ ಅದಕ್ಕೆ ಬೇಕಾದ ಫಿಸಿಸಿಸ್ಟ್ ಹುದ್ದೆಗಳನ್ನೂ ತುಂಬಬೇಕು. ವಿಶ್ವವಿದ್ಯಾಲಯಗಳು ಈ ಕೋರ್ಸಿನ ಸೀಟು ಹೆಚ್ಚಿಸಬೇಕು. ಇದರಿಂದ ಯುವಜನರಿಗೆ ಉದ್ಯೋಗ ಸಿಗುತ್ತದೆ, ರೋಗಿಗೆ ಸರಿಯಾದ ಜಾಗಕ್ಕೆ ಸರಿಯಾದ ಡೋಸ್ ಸಿಗುತ್ತದೆ.