ನಾನು ಬರೆದುಕೊಟ್ಟ ಶಿಫಾರಸು ಪತ್ರ



ನಿವೃತ್ತಿಯ ನಂತರವೂ ಮೇಷ್ಟರನ್ನು ಬಿಡದೆ ಹಿಂಬಾಲಿಸುವ ಕೆಲಸವೊಂದಿದೆ. ಅದು ಪತ್ರ ಬರೆದುಕೊಡುವ ಕೆಲಸ. ಬ್ಯಾಂಕಿನ ಸಾಲಕ್ಕೆ, ಹಾಸ್ಟೆಲ್ ಪ್ರವೇಶಕ್ಕೆ, ನೌಕರಿಗೆ ಹೀಗೆ ಎಷ್ಟು ಬರೆದಿದ್ದೇನೋ ಲೆಕ್ಕವಿಲ್ಲ. ಅವುಗಳಲ್ಲಿ ಒಂದು ಪತ್ರ ಮಾತ್ರ ಇಂದಿಗೂ ನನ್ನ ಮನಸ್ಸನ್ನು ಚುಚ್ಚುತ್ತಿದೆ. ಅದರ ವಿಷಯವನ್ನು ಹೇಳುತ್ತ, ನನ್ನ ಒಂದು ಅಭಿಪ್ರಾಯವನ್ನೂ ನಿಮ್ಮ ಮುಂದಿಡಬೇಕೆಂದಿದ್ದೇನೆ.

2021ರ ಡಿಸೆಂಬರ್ ತಿಂಗಳು. ಹೆತ್ತೂರಿನ ಸುತ್ತಮುತ್ತ ಕಾಫಿ ಕೊಯ್ಲು ನಡೆಯುತ್ತಿದ್ದ ಕಾಲ. ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿ ಮಾಡಿದಳು. ಬಿಸಿಲೆಯ ಕಡೆಗೆ ಹೋಗುವ ದಾರಿಯಲ್ಲಿನ ತೋಟವೊಂದರ ಲೈನ್‌ಮನೆಯಲ್ಲಿ ಬೆಳೆದ ಹುಡುಗಿ. ಹೆಸರು ಬರೆಯಬೇಡಿರೆಂದು ಅವಳೇ ಕೇಳಿಕೊಂಡಿರುವುದರಿಂದ ಬರೆಯುವುದಿಲ್ಲ. ಬಿ.ಎ. ಮುಗಿಸಿ ಹಾಸನದಲ್ಲಿ ಸಣ್ಣದೊಂದು ಕೆಲಸದಲ್ಲಿದ್ದಳು. "ಸರ್, ಸಾರ್ವಜನಿಕ ನೀತಿ ವಿಷಯದಲ್ಲಿ ಎಂ.ಎ.ಗೆ ಅರ್ಜಿ ಹಾಕುತ್ತಿದ್ದೇನೆ. ನಿಮ್ಮಿಂದ ಒಂದು ಶಿಫಾರಸು ಪತ್ರ ಬೇಕು" ಎಂದಳು.

ಸಮಾಜ ವಿಜ್ಞಾನವನ್ನು ಮೂರು ದಶಕಗಳಿಗೂ ಮೀರಿ ಬೋಧಿಸಿದ ನನಗೆ ಅಂಥದೊಂದು ಸ್ನಾತಕೋತ್ತರ ಪದವಿ ಇದೆಯೆಂಬುದೇ ತಿಳಿದಿರಲಿಲ್ಲ. ಆದರೂ ತಿಳಿದವನಂತೆ ಒಪ್ಪಿಕೊಂಡು ಪತ್ರ ಬರೆದೆ. "ಈಕೆ ವಿನಯಶೀಲೆ, ಶಿಸ್ತಿನ ವಿದ್ಯಾರ್ಥಿನಿ, ಉತ್ತಮ ನಡತೆಯುಳ್ಳವಳು. ಇವಳಿಗೆ ಸಕಲ ಯಶಸ್ಸನ್ನು ಹಾರೈಸುತ್ತೇನೆ." ಇಷ್ಟೇ. ಮೂವತ್ತು ವರ್ಷಗಳಿಂದ ಎಲ್ಲರಿಗೂ ಬರೆದುಕೊಟ್ಟದ್ದೂ ಇದನ್ನೇ. ಬಿ.ಎಡ್. ತರಗತಿಯಲ್ಲಿ ನಮಗೆ ಪಾಠಯೋಜನೆ ಬರೆಯುವುದನ್ನು ಕಲಿಸಿದರು. ಒಬ್ಬ ವಿದ್ಯಾರ್ಥಿಯ ಬುದ್ಧಿಯ ಬಗೆಗೆ ಬರೆಯುವುದನ್ನು ಯಾರೂ ಕಲಿಸಲಿಲ್ಲ. ಆ ವರ್ಷ ಅವಳಿಗೆ ಸಂದರ್ಶನದ ಕರೆ ಬರಲಿಲ್ಲ.

ಕಾರಣ ನನ್ನ ಪತ್ರವೊಂದೇ ಎಂದು ನಾನು ಹೇಳಲಾರೆ. ಆದರೆ ಆಮೇಲೆ ಅವಳು ತಂದು ತೋರಿಸಿದ ಅರ್ಜಿಯ ನಮೂನೆಯನ್ನು ಓದಿದಾಗ ನಾಚಿಕೆಯಾಯಿತು. ಅದರಲ್ಲಿ ಕೇಳಿದ್ದು ನಡತೆಯನ್ನಲ್ಲ. ಈ ವ್ಯಕ್ತಿ ಒಂದು ಸಮಸ್ಯೆಯನ್ನು ಹೇಗೆ ನೋಡುತ್ತಾಳೆ, ಹೇಗೆ ಪ್ರಶ್ನಿಸುತ್ತಾಳೆ, ನೀವು ಕಣ್ಣಾರೆ ಕಂಡ ಉದಾಹರಣೆ ಕೊಡಿ ಎಂದು ಕೇಳಿದ್ದರು. ಉದಾಹರಣೆ ನನ್ನ ಬಳಿಯೇ ಇತ್ತು! 2013-14ರಲ್ಲಿ ಒಂಬತ್ತನೆಯ ತರಗತಿಯಲ್ಲಿದ್ದಾಗ ಅವಳು ಒಂದು ನೋಟ್‌ಪುಸ್ತಕ ಇಟ್ಟಿದ್ದಳು. ಯಾವ ದಿನ ದಾರಿಯಲ್ಲಿ ಆನೆ ಇತ್ತು, ಅಂದು ಯಾವ ಊರಿನ ಎಷ್ಟು ಮಕ್ಕಳು ಶಾಲೆಗೆ ಬರಲಿಲ್ಲ ಎಂಬುದನ್ನು ದಿನಾಂಕಸಹಿತ ಬರೆದಿದ್ದಳು. ಹಾಜರಾತಿ ಕಡಿಮೆಯಾದುದಕ್ಕೆ ನಾನು ಮಕ್ಕಳನ್ನು ಗದರಿಸಿದ ದಿನ ಅದನ್ನು ಮೌನವಾಗಿ ನನ್ನ ಮೇಜಿನ ಮೇಲಿಟ್ಟಿದ್ದಳು. ಅದನ್ನು ಬಿಟ್ಟು ನಾನು "ವಿನಯಶೀಲೆ" ಎಂದು ಬರೆದಿದ್ದೆ.

ಈ ವಿಷಯವು ನಮ್ಮ ಊರಿಗೆ ಏಕೆ ಬೇಕು ಎಂದು ಕೆಲವರು ಕೇಳಬಹುದು. ನಮ್ಮ ಸೀಮೆಯಷ್ಟು ವರದಿಗಳನ್ನೂ ಯೋಜನೆಗಳನ್ನೂ ಕಂಡ ಊರುಗಳು ವಿರಳ. ಮಾಧವ ಗಾಡ್ಗೀಳರ ಅಧ್ಯಕ್ಷತೆಯ ಪಶ್ಚಿಮಘಟ್ಟ ತಜ್ಞರ ಸಮಿತಿ 2011ರಲ್ಲಿ ವರದಿ ಕೊಟ್ಟು, ನಮ್ಮ ಮಗ್ಗುಲಿನ ಗುಂಡ್ಯ ಜಲವಿದ್ಯುತ್ ಯೋಜನೆ ಬೇಡವೆಂದಿತು. ಕಸ್ತೂರಿರಂಗನ್ ಸಮಿತಿಯ ವರದಿ 2013ರಲ್ಲಿ ಬಂತು. ಉಚ್ಚ ನ್ಯಾಯಾಲಯದ ಆದೇಶದಂತೆ ರಚಿತವಾದ, ರಾಮನ್ ಸುಕುಮಾರ್ ಅಧ್ಯಕ್ಷರಾಗಿದ್ದ ಕರ್ನಾಟಕ ಆನೆ ಕಾರ್ಯಪಡೆ ಆಲೂರು-ಸಕಲೇಶಪುರದ ಆನೆಗಳನ್ನು ಹಿಡಿದು ಸಾಗಿಸಬೇಕೆಂದು 2012ರಲ್ಲಿ ಶಿಫಾರಸು ಮಾಡಿತು. ಎತ್ತಿನಹೊಳೆ ಯೋಜನೆಯ ಅಂದಾಜು ವೆಚ್ಚ 2014ರಲ್ಲಿ 12,912 ಕೋಟಿ ರೂಪಾಯಿಯಿದ್ದುದು ಬಳಿಕ 23,251 ಕೋಟಿಗೆ ಏರಿತು. ಅದರ ಮೊದಲ ಹಂತ 2024ರ ಸೆಪ್ಟೆಂಬರ್ 6ರಂದು ನಮ್ಮ ತಾಲ್ಲೂಕಿನಲ್ಲೇ ಉದ್ಘಾಟನೆಯಾಯಿತು. ಇವುಗಳಲ್ಲಿ ಯಾವುದು ಸರಿ, ಯಾವುದು ತಪ್ಪು ಎಂದು ನಾನಿಲ್ಲಿ ವಾದಿಸುವುದಿಲ್ಲ. ಈ ಸಮಿತಿಗಳ ವರದಿಗಳು ಮೊದಲು ಇಂಗ್ಲಿಷಿನಲ್ಲಿ ಬಂದವು. ನಮಗೆ ತಲುಪಿದ್ದು ಅವುಗಳ ಬಗೆಗಿನ ಗಾಳಿಮಾತು. ವರದಿಯನ್ನು ಓದದೆಯೇ ನಾವು ಪ್ರತಿಭಟಿಸಿದೆವು, ಓದದೆಯೇ ಬೆಂಬಲಿಸಿದೆವು. ಬರೆಯುವವರ ಸಾಲಿನಲ್ಲಿ ನಮ್ಮ ಊರಿನವರು ಒಬ್ಬರಾದರೂ ಇದ್ದಿದ್ದರೆ ಎಂಬ ಯೋಚನೆ ನನಗೆ ಆಗಾಗ ಬರುತ್ತದೆ.

ಕರ್ನಾಟಕಕ್ಕೆ ಈ ವಿದ್ಯೆ ಹೊಸದೇನಲ್ಲ. ಡಿ.ವಿ.ಜಿ.ಯವರು 1945ರಲ್ಲಿಯೇ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು. ರಾಜ್ಯಶಾಸ್ತ್ರವನ್ನು ಕನ್ನಡದಲ್ಲಿ ಬರೆದರು. ಸಾಮಾನ್ಯ ಪ್ರಜೆಗೆ ಅವನ ಭಾಷೆಯಲ್ಲಿ ರಾಜ್ಯದ ವಿಚಾರ ತಿಳಿಯಬೇಕೆಂಬುದು ಅವರ ಜೀವಮಾನದ ಹಂಬಲವಾಗಿತ್ತು. ಪದವಿಗಳು ಬಂದದ್ದು ತಡವಾಗಿ. ಬೆಂಗಳೂರಿನ ಐಐಎಂ 2002ರಲ್ಲಿ ಸೇವೆಯಲ್ಲಿರುವ ಅಧಿಕಾರಿಗಳಿಗಾಗಿ ಒಂದು ಕೋರ್ಸನ್ನು ಆರಂಭಿಸಿತು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ 2011ರಿಂದ ಅಭಿವೃದ್ಧಿ ಮುಂತಾದ ವಿಷಯಗಳಲ್ಲಿ ಎಂ.ಎ. ತರಗತಿಗಳು ನಡೆದಿವೆ. ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ 2014ರಲ್ಲಿ ಸಾರ್ವಜನಿಕ ನೀತಿಯ ಎರಡು ವರ್ಷಗಳ ಸ್ನಾತಕೋತ್ತರ ಪದವಿ ಆರಂಭವಾಯಿತು. ಬಾಗಿಲುಗಳೇನೋ ತೆರೆದಿವೆ. ಆದರೆ ಹೆತ್ತೂರಿನಿಂದ ಆ ಬಾಗಿಲಿನವರೆಗೆ ದಾರಿ ಇದೆಯೇ?

ಮೊದಲು ಪ್ರವೇಶದ ಮಾತು. ನಾನು ನೋಡಿದ ಪ್ರವೇಶ ಪರೀಕ್ಷೆಯ ಪ್ರಶ್ನೆಪತ್ರಿಕೆಗಳೆಲ್ಲ ಇಂಗ್ಲಿಷಿನಲ್ಲಿವೆ. ಪ್ರಬಂಧವೂ ಇಂಗ್ಲಿಷಿನಲ್ಲಿ, ಸಂದರ್ಶನವೂ ಇಂಗ್ಲಿಷಿನಲ್ಲಿ. ವರದಿಗಳು, ನ್ಯಾಯಾಲಯದ ಕಡತಗಳು ಇಂಗ್ಲಿಷಿನಲ್ಲಿರುವುದರಿಂದ ಆ ಭಾಷೆ ಬೇಕು ಎನ್ನುವವರ ವಾದವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಒಂದು ವಿಚಿತ್ರವನ್ನು ಗಮನಿಸಿರಿ. ಜಿಲ್ಲಾಧಿಕಾರಿಯಾಗಲು ಬರೆಯುವ ಕೇಂದ್ರ ಲೋಕಸೇವಾ ಆಯೋಗದ ಮುಖ್ಯ ಪರೀಕ್ಷೆಯನ್ನು 1979ರಿಂದ ಕನ್ನಡದಲ್ಲಿ ಬರೆಯಬಹುದು. ಜಿಲ್ಲೆಯನ್ನು ಆಳಲು ಸಾಕಾಗುವ ಕನ್ನಡ, ಜಿಲ್ಲೆಯ ನೀತಿಯನ್ನು ಅಭ್ಯಾಸ ಮಾಡಲು ಸಾಲದೇ? ಕನಿಷ್ಠ ಪ್ರಬಂಧವನ್ನಾದರೂ ಕನ್ನಡದಲ್ಲಿ ಬರೆಯಲು ಅವಕಾಶವಿರಲಿ. ಇಂಗ್ಲಿಷನ್ನು ಎರಡು ವರ್ಷಗಳಲ್ಲಿ ಕಲಿಸಬಹುದು. ಲೈನ್‌ಮನೆಯ ಬದುಕನ್ನು ಯಾವ ಗ್ರಂಥಾಲಯದಲ್ಲಿ ಕಲಿಸುತ್ತೀರಿ?

ಮೀಸಲಾತಿ ಇದೆಯಲ್ಲ ಎಂದು ನೀವು ಹೇಳಬಹುದು. ರಾಷ್ಟ್ರೀಯ ಕಾನೂನು ಶಾಲೆ 2021ರಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇಕಡ 25ರಷ್ಟು ಸ್ಥಾನಗಳನ್ನು ಮೀಸಲಿಡುವ ಯೋಜನೆಯನ್ನು ಅಂಗೀಕರಿಸಿದ್ದು ಸ್ವಾಗತಾರ್ಹ. ಕರ್ನಾಟಕದಲ್ಲಿ ಹತ್ತು ವರ್ಷ ಓದಿದವರು ಅದಕ್ಕೆ ಅರ್ಹರು. ಆದರೆ ಬೆಂಗಳೂರಿನ ದುಬಾರಿ ಶಾಲೆಯಲ್ಲಿ ಹತ್ತು ವರ್ಷ ಓದಿದವನೂ, ಮಳೆಗಾಲದಲ್ಲಿ ಹಳ್ಳ ದಾಟಿ ಸರ್ಕಾರಿ ಶಾಲೆಗೆ ಹತ್ತು ವರ್ಷ ನಡೆದವಳೂ ಆ ಲೆಕ್ಕದಲ್ಲಿ ಒಂದೇ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಅದರೊಳಗೊಂದು ಪಾಲು ಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಎರಡನೆಯದು ಹಣದ ಮಾತು. ಧನಸಹಾಯವೇ ಇಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವು ಕುಟುಂಬದ ಆದಾಯವನ್ನು ನೋಡಿ ಶುಲ್ಕ, ಊಟ, ವಸತಿಗಳಿಗೆ ನೆರವು ಕೊಡುತ್ತದೆ. ಸರ್ಕಾರದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಗಳಿವೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಯೋಜನೆಯಿದೆ. ಆರಂಭದ ವರ್ಷಗಳಲ್ಲಿ ಅದರ ಮೊತ್ತ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳಿಗೆ ಸೀಮಿತವಾಗಿತ್ತು. ಬೆಂಗಳೂರಿನಲ್ಲಿ ಆ ಹಣಕ್ಕೆ ಏನು ಬರುತ್ತದೆಂಬುದು ಅಲ್ಲಿರುವ ನಿಮಗೇ ಚೆನ್ನಾಗಿ ಗೊತ್ತು.

ಹಣವೆಷ್ಟು ಎಂಬುದಷ್ಟೇ ಮುಖ್ಯವಾದುದು ಹಣ ಯಾವಾಗ ಎಂಬುದು. ನಮ್ಮ ಮಲೆನಾಡಿನಲ್ಲಿ ಕೈಗೆ ಕಾಸು ಬರುವುದು ಕೊಯ್ಲಿನ ತಿಂಗಳುಗಳಲ್ಲಿ. ಸಣ್ಣ ಬೆಳೆಗಾರನು ಕಾಫಿ ಮಾರುವುದು, ಕೂಲಿಯವರಿಗೆ ಹೆಚ್ಚಿನ ಸಂಪಾದನೆಯಾಗುವುದು ಎಲ್ಲವೂ ಮಾರ್ಚಿಯೊಳಗೆ. ಮೇ, ಜೂನ್ ಹೊತ್ತಿಗೆ ಆ ಹಣ ಸಾಲಕ್ಕೆ, ಮದುವೆಗೆ, ಗೊಬ್ಬರಕ್ಕೆ ಸಂದುಹೋಗಿರುತ್ತದೆ. ಸೀಟು ಸಿಕ್ಕಿದೆ, ಇಷ್ಟು ದಿನಗಳಲ್ಲಿ ಹಣ ಕಟ್ಟಿ ಎಂಬ ಪತ್ರ ಬರುವುದು ಸರಿಯಾಗಿ ಆಗಲೇ. ವಿದ್ಯಾರ್ಥಿವೇತನವಾದರೋ ಹಣ ಕಟ್ಟಿ, ಸೇರಿ, ತಿಂಗಳುಗಳು ಕಳೆದ ಮೇಲೆ ಬರುತ್ತದೆ. ನಮ್ಮ ಹುಡುಗಿ 2023ರಲ್ಲಿ ಎರಡನೆಯ ಪ್ರಯತ್ನದಲ್ಲಿ ಆಯ್ಕೆಯಾದಾಗ ಮೊದಲ ಕಂತಿಗಾಗಿ ಅವಳ ತಾಯಿ ಕಿವಿಯೋಲೆ ಅಡವಿಟ್ಟರು. ಜೊತೆಗೆ ಅವಳು ಮನೆಗೆ ಕಳುಹಿಸುತ್ತಿದ್ದ ಸಂಬಳವೂ ಎರಡು ವರ್ಷ ನಿಂತಿತು. ಅದನ್ನು ಯಾವ ವಿದ್ಯಾರ್ಥಿವೇತನವೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಸರಿಯಾದ ನೆರವು ಏನು ಮಾಡಬಲ್ಲದೆಂಬುದಕ್ಕೆ ದೊಡ್ಡ ನಿದರ್ಶನ ನಮ್ಮ ಕಣ್ಮುಂದೆಯೇ ಇದೆ. 1913ರಲ್ಲಿ ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರು ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷಗಳ ವಿದ್ಯಾರ್ಥಿವೇತನ ನೀಡಿ ಭೀಮರಾವ್ ಅಂಬೇಡ್ಕರರನ್ನು ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಕಳುಹಿಸಿದರು. ಅಲ್ಲಿ ಅವರು ಕೈಗೊಂಡ ಅಧ್ಯಯನ 1925ರಲ್ಲಿ ಬ್ರಿಟಿಷ್ ಇಂಡಿಯಾದ ಪ್ರಾಂತೀಯ ಹಣಕಾಸಿನ ಬಗೆಗಿನ ಗ್ರಂಥವಾಗಿ ಪ್ರಕಟವಾಯಿತು. ಅದನ್ನು ಅವರು ಕೃತಜ್ಞತೆಯಿಂದ ಮಹಾರಾಜರಿಗೇ ಅರ್ಪಿಸಿದರು. ಒಬ್ಬ ವಿದ್ಯಾರ್ಥಿಯ ಅಭ್ಯಾಸ ದೇಶದ ಹಣಕಾಸಿನ ಚರ್ಚೆಯೊಳಕ್ಕೆ ಸೇರಿತು.

ಇತ್ತೀಚಿನ ಉದಾಹರಣೆಯನ್ನೂ ಹೇಳುತ್ತೇನೆ. ಕೇಂದ್ರದ ಕೌಶಲ್ಯಾಭಿವೃದ್ಧಿ ಸಚಿವಾಲಯವು ಬೆಂಗಳೂರಿನ ಐಐಎಂ ಜೊತೆ 2020ರಲ್ಲಿ ಮಹಾತ್ಮ ಗಾಂಧಿ ರಾಷ್ಟ್ರೀಯ ಫೆಲೋಶಿಪ್ ಆರಂಭಿಸಿದಾಗ ಮೊದಲ ವರ್ಷ ತಿಂಗಳಿಗೆ 50,000, ಎರಡನೆಯ ವರ್ಷ 60,000 ರೂಪಾಯಿ ಕೊಟ್ಟು ಜಿಲ್ಲೆಗಳಲ್ಲಿ ಕೆಲಸ ಮಾಡುತ್ತಲೇ ಕಲಿಯುವ ವ್ಯವಸ್ಥೆ ಮಾಡಿತ್ತು. ಕೆಲಸ ಮಾಡುವ ರಾಜ್ಯದ ಭಾಷೆ ಬಲ್ಲವರೇ ಆಗಬೇಕೆಂಬ ನಿಯಮವೂ ಇತ್ತು. ಹಣ, ಭಾಷೆ ಎರಡನ್ನೂ ಕೂಡಿಸಿ ಯೋಚಿಸಲು ಸಾಧ್ಯವೆಂಬುದಕ್ಕೆ ಇಷ್ಟು ಸಾಕು.

ಮೂರನೆಯದು ವಿದ್ಯಾರ್ಥಿಗಳ ಕೆಲಸದ ಮಾತು. ಈ ಪದವಿಗಳಲ್ಲಿ ಕ್ಷೇತ್ರಕಾರ್ಯ ಮಾಡಿ ಪ್ರಬಂಧ ಸಲ್ಲಿಸುವುದು ವಾಡಿಕೆ. ನಮ್ಮ ಹುಡುಗಿ ತನ್ನ ಪ್ರಬಂಧಕ್ಕೆ ಆರಿಸಿಕೊಂಡದ್ದು ಆನೆಯಿಂದಾಗುವ ಬೆಳೆಹಾನಿಯ ಪರಿಹಾರವನ್ನು. 2025ರ ಜನವರಿಯಲ್ಲಿ ಎಂಬತ್ತು ಪುಟಗಳ ಕರಡನ್ನು ನನಗೆ ತಂದುಕೊಟ್ಟಳು. ಸೊಗಸಾದ ಇಂಗ್ಲಿಷ್. ನಾನು ನಿಘಂಟು ಹಿಡಿದು ಓದಿ ಮುಗಿಸಿ, "ಚೆನ್ನಾಗಿದೆ ಮಗಳೇ, ಆದರೆ ಇದನ್ನು ನಿಮ್ಮ ತಾಯಿ ಓದಬಲ್ಲರೇ?" ಎಂದು ಕೇಳಿದೆ. ಅವಳು ಏನೂ ಹೇಳಲಿಲ್ಲ. ಎರಡು ವಾರಗಳ ನಂತರ ಹನ್ನೆರಡು ಪುಟಗಳ ಕನ್ನಡ ಸಾರಾಂಶದೊಡನೆ ಬಂದಳು.

ಒಂದು ಭಾನುವಾರ ನಮ್ಮ ಮನೆಯ ಜಗಲಿಯಲ್ಲಿ ಅದನ್ನು ಓದಿದಳು. ಇಪ್ಪತ್ತೈದು ಜನ ಸೇರಿದ್ದರು. ಬೆಳೆಗಾರರೂ ಇದ್ದರು, ಕೂಲಿಯವರೂ ಇದ್ದರು. ಎಷ್ಟು ಗಿಡ ಮುರಿದರೆ ಎಷ್ಟು ಪರಿಹಾರ, ಅರ್ಜಿ ಎಲ್ಲೆಲ್ಲಿ ನಿಲ್ಲುತ್ತದೆ ಎಂಬುದನ್ನೆಲ್ಲ ಅವಳು ವಿವರಿಸಿದ ಮೇಲೆ ಹಿಂದೆ ಕುಳಿತಿದ್ದ ಹೆಂಗಸೊಬ್ಬರು ಎದ್ದು, "ಎಲ್ಲಾ ಸರಿ ಕಣವ್ವಾ. ತೋಟದಲ್ಲಿ ಆನೆ ಇದ್ದ ದಿನ ನಾವು ಲೈನಿಂದ ಹೊರಗೇ ಬರಂಗಿಲ್ಲ. ಆವತ್ತಿನ ಕೂಲಿ ಹೋಯ್ತದೆ. ಅದನ್ನ ಯಾವ ಪುಟದಲ್ಲಿ ಬರ್ದಿದ್ದೀಯ?" ಎಂದರು.

ಯಾವ ಪುಟದಲ್ಲಿಯೂ ಬರೆದಿರಲಿಲ್ಲ. ಪರಿಹಾರ ಪಹಣಿ ಇದ್ದವರಿಗೆ. ಅವಳ ಪ್ರಬಂಧವೂ ಪಹಣಿಯ ದಾರಿಯನ್ನೇ ಹಿಡಿದಿತ್ತು. ಲೈನ್‌ಮನೆಯಲ್ಲಿ ಬೆಳೆದವಳೇ ಅದನ್ನು ಮರೆತಿದ್ದಳು! ಅಂದು ರಾತ್ರಿ ಅವಳು ಅತ್ತದ್ದನ್ನು ನನ್ನ ಪತ್ನಿ ಹೇಳಿದಳು. ಮರುದಿನದಿಂದಲೇ ಮನೆಮನೆಗೆ ಹೋಗಿ, ತಪ್ಪಿಹೋದ ಕೂಲಿಯ ದಿನಗಳ ಲೆಕ್ಕ ತೆಗೆದು, ಹೊಸದೊಂದು ಅಧ್ಯಾಯ ಸೇರಿಸಿ ಪ್ರಬಂಧವನ್ನು ಸಲ್ಲಿಸಿದಳು. ಆ ಲೆಕ್ಕಕ್ಕೆ ಅವಳು ಬಳಸಿದ್ದು ಒಂಬತ್ತನೆಯ ತರಗತಿಯ ಆ ನೋಟ್‌ಪುಸ್ತಕದ ಕ್ರಮವನ್ನೇ.

ಆದುದರಿಂದ ನನ್ನ ಬೇಡಿಕೆ ಇಷ್ಟು. ಪ್ರವೇಶದಲ್ಲಿ ಕನ್ನಡಕ್ಕೆ ಸ್ಥಾನವಿರಲಿ. ನೆರವಿನ ಹಣ ಸೀಟಿನ ಪತ್ರದ ಜೊತೆಗೇ ಬರಲಿ. ಹಳ್ಳಿಯ ಬಗೆಗೆ ಬರೆದ ಪ್ರತಿಯೊಂದು ಪ್ರಬಂಧದ ಕನ್ನಡ ಸಾರಾಂಶವನ್ನು ಸಲ್ಲಿಸುವ ಮುನ್ನ ಆ ಹಳ್ಳಿಯಲ್ಲಿ ಓದಿ ಹೇಳುವುದು ಕಡ್ಡಾಯವಾಗಲಿ. 2020ರ ಜೂನ್ 30ರಂದು ದೆಹಲಿ ಹೈಕೋರ್ಟು ಪರಿಸರ ಪರಿಣಾಮ ಅಧಿಸೂಚನೆಯ ಕರಡನ್ನು ಎಂಟನೆಯ ಅನುಸೂಚಿಯ ಭಾಷೆಗಳಿಗೆಲ್ಲ ಅನುವಾದಿಸಬೇಕೆಂದು ಆದೇಶಿಸಿತು. ಸರ್ಕಾರದಿಂದ ಕೇಳಬಹುದಾದುದನ್ನು ವಿಶ್ವವಿದ್ಯಾಲಯದಿಂದಲೂ ಕೇಳಬಹುದಲ್ಲವೇ?

ಇನ್ನು ನಮ್ಮ ಕರ್ತವ್ಯ. ನನ್ನಂತೆ ಮೇಷ್ಟರಾಗಿರುವ ಹಳೆಯ ವಿದ್ಯಾರ್ಥಿಗಳಿಗೆ ಒಂದು ಕಿವಿಮಾತು: ಮಕ್ಕಳಿಗೆ ಪತ್ರ ಬರೆದುಕೊಡುವಾಗ ನಡತೆಯ ಒಕ್ಕಣೆಯನ್ನು ಬಿಡಿ. ಆ ಮಗು ನಿಮ್ಮನ್ನು ಬೆಚ್ಚಿಬೀಳಿಸಿದ ಒಂದು ದಿನವನ್ನು ನೆನಪು ಮಾಡಿಕೊಂಡು ಅದನ್ನೇ ಬರೆಯಿರಿ. ಎರಡನೆಯ ಬಾರಿ ನಾನು ಬರೆದದ್ದು ನೋಟ್‌ಪುಸ್ತಕದ ಕಥೆಯನ್ನು. ಸಂದರ್ಶನದಲ್ಲಿ ಅವಳನ್ನು ಮೊದಲು ಕೇಳಿದ್ದು ಅದರ ಬಗೆಗೇ ಅಂತೆ. ಬೆಂಗಳೂರಿನಲ್ಲಿಯೂ ಹೊರದೇಶಗಳಲ್ಲಿಯೂ ಒಳ್ಳೆಯ ಸ್ಥಿತಿಯಲ್ಲಿರುವವರಿಗೆ ಒಂದು ವಿನಂತಿ: ಜೂನ್ ತಿಂಗಳಿನಲ್ಲಿ ಕಟ್ಟಬೇಕಾದ ಮೊದಲ ಕಂತಿಗೆ ನಾವೇ ಒಂದು ಸಣ್ಣ ನಿಧಿ ಕೂಡಿಸೋಣ. ವಿದ್ಯಾರ್ಥಿವೇತನ ಬಂದಾಗ ಮರಳಿಸಿದರೆ ಅದು ಮುಂದಿನವರಿಗೆ. ಯಾವ ತಾಯಿಯೂ ಓಲೆ ಬಿಚ್ಚಿಕೊಡಬೇಕಾಗಿ ಬರದಿರಲಿ.

ಇದರ ಬಗೆಗೆ ನಿಮ್ಮ ಅಭಿಪ್ರಾಯವನ್ನು ತಿಳಿಸಿರಿ. ಊರಿಗೆ ಬಂದಾಗ ಮನೆಗೆ ಬನ್ನಿ. ಆ ಹನ್ನೆರಡು ಪುಟಗಳ ಒಂದು ಪ್ರತಿ ನನ್ನ ಮೇಜಿನ ಮೇಲಿದೆ. ಯಾರು ಬೇಕಾದರೂ ಓದಬಹುದು.

ನಿಮ್ಮ ಮೇಷ್ಟರು,
ಹೆತ್ತೂರು