ಸೋತವರಿಗೆ ಇನ್ನೊಂದು ಆಟ ಬೇಡವೇ?

ಜಾತ್ರೆ ಹತ್ತಿರ ಬಂತೆಂದರೆ ರಸೀತಿ ಪುಸ್ತಕ ಹಿಡಿದ ಹುಡುಗರು ಅಂಗಡಿ ಬಾಗಿಲಿಗೆ ಹಾಜರ್. "ಕಬಡ್ಡಿ ಇಟ್ಟೇವ್ರಿ ಸಾವ್ಕಾರ್ರ, ಪಟ್ಟಿ ಬರೀರಿ." ಹಾನಗಲ್ಲಿರಲಿ, ಹಿರೇಕೆರೂರಿರಲಿ, ಅಂಗಡಿಕಾರರು ಇಲ್ಲವೆನ್ನುವುದಿಲ್ಲ. ಆದರೆ ಆ ರೊಕ್ಕಕ್ಕೆ ಹುಡುಗರಿಗೆ ಎಷ್ಟು ಆಟ ಸಿಕ್ಕಿತೆಂದು ಕೇಳುವವರಿಲ್ಲ.

ಶಿಗ್ಗಾಂವಿಯ ತಂಡವೊಂದು ಹಿರೇಕೆರೂರಿಗೆ ಹೊರಟಿತೆನ್ನಿ. ಹಾವೇರಿಯಲ್ಲಿ ಬಸ್ ಬದಲಿಸಬೇಕು, ಪ್ರವೇಶ ಫೀ ಕಟ್ಟಬೇಕು, ಸರದಿಗಾಗಿ ನಡುರಾತ್ರಿವರೆಗೆ ಕಾಯಬೇಕು. ಒಂದು ಆಟ ಸೋತರೆ ಮುಗಿಯಿತು. ಬಸ್ ಸ್ಟ್ಯಾಂಡಿನಲ್ಲಿ ಮಲಗಿ ಮೊದಲ ಬಸ್ಸಿಗೆ ವಾಪಸ್. ಮೊಣಕಾಲು ತರಚಿಕೊಂಡು ತೂಕಡಿಸುವ ಇಂಥ ಹುಡುಗರನ್ನು ಬೆಳಗಿನ ಬಸ್ಸಿನಲ್ಲಿ ಕಾಣದ ಪ್ರಯಾಣಿಕರುಂಟೇ?

ರೊಕ್ಕಕ್ಕೆ ಆಡುವ ದೊಡ್ಡ ತಂಡಗಳ ರಿವಾಜು ಬೇರೆ. ಅಮೆರಿಕದ ಎನ್‌ಬಿಎ ಬಾಸ್ಕೆಟ್‌ಬಾಲ್ ಫೈನಲ್ ಒಂದು ಆಟವಲ್ಲ, ಏಳು ಆಟಗಳ ಸರಣಿ. ಮೊದಲು ನಾಲ್ಕು ಗೆದ್ದವರಿಗೆ ಪಟ್ಟ. 2010ರಲ್ಲಿ ಹಳೇ ಎದುರಾಳಿ ಬೋಸ್ಟನ್ ಸೆಲ್ಟಿಕ್ಸ್ ಎದುರು ಲಾಸ್ ಏಂಜಲೀಸ್ ಲೇಕರ್ಸ್ 2-3ರಿಂದ ಹಿಂದೆ ಬಿದ್ದಿತ್ತು. ಆರನೆಯದನ್ನೂ ಗೆದ್ದು, ಏಳನೆಯದನ್ನು 83-79ರಿಂದ ಗೆದ್ದು ಪಟ್ಟ ಉಳಿಸಿಕೊಂಡಿತು.

ಅಷ್ಟು ದೂರವೇಕೆ? ಪ್ರೊ ಕಬಡ್ಡಿಯ ಆರನೇ ಆವೃತ್ತಿಯಲ್ಲಿ ಗುಜರಾತ್ ತಂಡ ಮೊದಲ ಕ್ವಾಲಿಫೈಯರಿನಲ್ಲಿ ಬೆಂಗಳೂರು ಬುಲ್ಸ್‌ಗೆ ಸೋತಿತು. ಆದರೆ ಲೀಗಿನಲ್ಲಿ ಮೇಲೆ ನಿಂತಿದ್ದ ತಂಡವೆಂದು ಇನ್ನೊಂದು ಅವಕಾಶವಿತ್ತು. ಯುಪಿ ಯೋಧಾವನ್ನು ಸೋಲಿಸಿ ಅದೇ ಗುಜರಾತ್ ಫೈನಲಿಗೆ ಬಂತು. 2019ರ ಜನವರಿ 5ರಂದು ಮುಂಬೈಯಲ್ಲಿ ಬುಲ್ಸ್ 38-33ರಿಂದ ಗೆಲ್ಲಬೇಕಾದರೆ ಪವನ್ ಸೆಹ್ರಾವತ್ ಒಬ್ಬನೇ 22 ಅಂಕ ತರಬೇಕಾಯಿತು. ಸೋತವರನ್ನು ಅಂದೇ ಮನೆಗೆ ಕಳಿಸಿದ್ದರೆ ಈ ಜಿದ್ದಾಜಿದ್ದಿ ಎಲ್ಲಿರುತ್ತಿತ್ತು?

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಪರಸ್ಪರ ಒಂದೊಂದು ಸಲ ಆಡಿದರೆ ಆರೇ ಆಟ. ಕಡೆಗೆ ನಿಂತ ತಂಡಕ್ಕೂ ಮೂರು ಆಟ ಗ್ಯಾರಂಟಿ. ಮೇಲಿನ ಎರಡು ತಂಡಗಳಿಗೆ ಮೂರು ಆಟಗಳ ಫೈನಲ್: ಅವರವರ ಊರಲ್ಲಿ ಒಂದೊಂದು, ಸಮವಾದರೆ ಮೂರನೆಯದು ಹಾವೇರಿಯಲ್ಲಿ.

"ಖರ್ಚು ಯಾರ್ ಕೊಡ್ತಾರ್ರೀ?" ಎಂದು ಸಂಘಟಕರು ಕೇಳಬಹುದು. ಭಾನುವಾರ ಹಗಲು ಆಡಿಸಿದರೆ ರಾತ್ರಿಯ ದೀಪದ ಬಾಡಿಗೆ ಉಳಿಯುತ್ತದೆ. ಆಳೆತ್ತರದ ಕಪ್ಪು ಒಂದಿಷ್ಟು ಕುಳ್ಳಾದರೆ ಬಸ್ ಚಾರ್ಜೂ ಹುಟ್ಟುತ್ತದೆ. ಸವಣೂರಿನ ಖಾರದ ಅಂಗಡಿಗೂ ಒಂದು ರಾತ್ರಿಯ ಬದಲು ಎರಡು ಮೂರು ಭಾನುವಾರದ ವ್ಯಾಪಾರ.

ಮುಂದಿನ ಜಾತ್ರೆಗೆ ಪಟ್ಟಿ ಬರೆಯುವ ಮುಂಚೆ ಅಂಗಡಿಕಾರರು ಒಂದೇ ಮಾತು ಕೇಳಲಿ: "ತಮ್ಮಾ, ಸೋತವ್ರಿಗೆ ಎಷ್ಟ್ ಆಟ ಕೊಡ್ತೀರಿ?"