ಕಂಕುಳಿನ ಗ್ರಂಥಿಗಳು

ಸುರತ್ಕಲ್ಲಿನಲ್ಲಿ ನೆಲೆಸಿರುವ ಬಂಧುಗಳ ಮನೆಗೆ ಹೋಗಿದ್ದಾಗ ಆ ಮನೆಯ ಹಿರಿಯ ತಾಯಿಯವರು ಸಂಕೋಚದಿಂದಲೇ ಕೇಳಿದರು: "ಶಾಸ್ತ್ರಿಗಳೇ, ಗಂಟು ಇರುವುದು ಎದೆಯಲ್ಲಿ. ಮಂಗಳೂರಿನ ವೈದ್ಯರು ಕಂಕುಳನ್ನೂ ಕೊಯ್ಯಬೇಕೆನ್ನುತ್ತಾರಲ್ಲ, ಏಕೆ?"

ಪ್ರಶ್ನೆ ಯೋಗ್ಯವಾದುದೇ. ರಕ್ತಕ್ಕೆ ನಾಳಗಳಿರುವಂತೆ ದುಗ್ಧರಸವೆಂಬ ತಿಳಿದ್ರವಕ್ಕೂ ನಾಳಗಳುಂಟು. ಸ್ತನದಿಂದ ಹೊರಡುವ ಈ ರಸದ ಬಹುಪಾಲು ಹರಿದು ಸೇರುವುದು ಕಂಕುಳಿಗೆ. ಅಲ್ಲಿ ಕೊಬ್ಬಿನಲ್ಲಿ ಹುದುಗಿದ, ಅವರೆಕಾಳಿನ ಆಕಾರದ, ಸುಮಾರು 20ರಿಂದ 30 ಗ್ರಂಥಿಗಳು ಅದನ್ನು ಸೋಸುತ್ತವೆ. ಗಂಟಿನಿಂದ ಕಳಚಿಕೊಂಡ ಕ್ಯಾನ್ಸರಿನ ಜೀವಕೋಶಗಳು ಸಾಮಾನ್ಯವಾಗಿ ಮೊದಲು ಸಿಕ್ಕಿಕೊಳ್ಳುವುದು ಇಲ್ಲಿಯೇ. ಎದೆಯ ಕಿರಿಯ ಸ್ನಾಯುವನ್ನು ಗಡಿಯಾಗಿಟ್ಟುಕೊಂಡು ಶಸ್ತ್ರವೈದ್ಯರು ಇವುಗಳನ್ನು ಮೂರು ಸ್ತರಗಳಾಗಿ ಎಣಿಸುತ್ತಾರೆ: ಸ್ನಾಯುವಿನ ಹೊರಬದಿಯವು, ಹಿಂಬದಿಯವು, ಒಳಬದಿಯವು. ರೋಗವು ಎಷ್ಟು ಗ್ರಂಥಿಗಳನ್ನು ಮುಟ್ಟಿದೆಯೆಂಬುದನ್ನು ನೋಡಿಯೇ ಮುಂದಿನ ಚಿಕಿತ್ಸೆ.

19ನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಹಾಲ್‌ಸ್ಟೆಡ್ ರೂಢಿಗೆ ತಂದ ಕ್ರಮದಲ್ಲಿ ಎದೆಯ ಸ್ನಾಯುಗಳ ಸಹಿತ ಕಂಕುಳನ್ನೆಲ್ಲ ಬರಿದುಮಾಡುತ್ತಿದ್ದರು. ಎಷ್ಟೋ ತಾಯಂದಿರ ತೋಳು ಬಾತು ಭಾರವಾಗಿ ಕೊಡವನ್ನೆತ್ತುವುದೂ ಕಷ್ಟವಾಗುತ್ತಿತ್ತು. 1990ರ ದಶಕದಿಂದೀಚೆಗೆ ಮತ್ತೊಂದು ದಾರಿ ತೆರೆದಿದೆ. ಸ್ತನಕ್ಕೆ ನೀಲಿ ಬಣ್ಣ ಚುಚ್ಚಿ, ಅದು ಮೊದಲು ತಲುಪುವ ಕೆಲವೇ "ಕಾವಲು ಗ್ರಂಥಿ"ಗಳನ್ನು ತೆಗೆದು ಪರೀಕ್ಷಿಸುತ್ತಾರೆ. ಅವು ಶುದ್ಧವಾಗಿದ್ದರೆ ಉಳಿದವುಗಳ ಗೊಡವೆಗೆ ಹೋಗುವುದಿಲ್ಲ. ಆದರೆ ಕಂಕುಳಿನ ಗ್ರಂಥಿಗಳು ಕೈಗೆ ಸಿಗುವಷ್ಟು ರೋಗದಿಂದ ಬೆಳೆದ ಮೇಲೆ ಈ ಅನುಕೂಲ ಬಹುಮಟ್ಟಿಗೆ ತಪ್ಪುತ್ತದೆ. (ಕೈಯ ಹುಣ್ಣಿನಿಂದಲೂ ಅಲ್ಲಿ ಗಂಟೇಳುವುದುಂಟು, ಎಲ್ಲವೂ ಕ್ಯಾನ್ಸರಲ್ಲ. ಪರೀಕ್ಷಿಸಿ ಹೇಳಬೇಕಾದವರು ವೈದ್ಯರು.)

ಆ ತಾಯಿ ಸೊಸೆಗೂ ತಿಳಿಸದೆ ಎಂಟು ತಿಂಗಳು ಮುಚ್ಚಿಟ್ಟಿದ್ದರಂತೆ. ನಾಚಿಕೆ! ಜ್ವರವನ್ನು ಹೇಳಲು ಬಾರದ ನಾಚಿಕೆ ಇದಕ್ಕೇಕೆ ಬರಬೇಕೋ ತಿಳಿಯದು. ಮಗನನ್ನು ಕರೆದು, ನಾಳೆಯೇ ಆಸ್ಪತ್ರೆಗೆ ಹೋಗಿ ಶಸ್ತ್ರಚಿಕಿತ್ಸೆಯ ದಿನವನ್ನು ಗೊತ್ತುಮಾಡಿಕೊಂಡು ಬರುವಂತೆ ತಿಳಿಸಿದೆನು.